ಬರದ ನೆಲದ ಭೂರಿ ಭೋಜನ

ವರ್ಷವಿಡೀ ಸುರಿದ ಮಳೆಯನ್ನು ಒಟ್ಟು ಹಾಕಿದರೂ ಒಂದಡಿ ಆಗದ ಊರು. ಯುನೆಸ್ಕೊ ಅಮೆರಿಕದಲ್ಲಿ ಮೊತ್ತಮೊದಲು ‘ಪಾಕಕಲೆಯ ನಗರ’ ಎಂಬ ಪಟ್ಟ ಕಟ್ಟಿದ್ದು ಈ ಊರಿಗೇ. ಅರಿಝೋನಾದ ಟೂಸಾನ್‌ನಲ್ಲಿ ಬಿಸಿಲೇ ಒಲೆ, ಕಳ್ಳಿಯೇ ಹಣ್ಣಿನ ಮರ, ಪಾರ್ಕಿಂಗ್ ಜಾಗವೇ ಭೋಜನಶಾಲೆ!

ಕೋರ್ಟ್ ಅವೆನ್ಯೂದ ಹಳೆಯ ಕಲ್ಲುಮನೆಯ ಬಳಿ ನಿಂತು ಕತ್ತೆತ್ತಿ ನೋಡಿ. ಮೇಲೆ ತಂತಿಬಲೆಯ ಪಂಜರವೊಂದು ತೂಗುತ್ತಿದೆ. ಒಳಗೆ ತೆಳ್ಳಗೆ ಸೀಳಿದ ದನದ ಮಾಂಸದ ಪಟ್ಟಿಗಳು. ಜೂನ್ ತಿಂಗಳ ಮಧ್ಯಾಹ್ನ. ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟಿದೆ. ಗಾಳಿಯಲ್ಲಿ ತೇವದ ಸುಳಿವೇ ಇಲ್ಲ. ಬೀದಿಗಿಳಿದವರು ಐದೇ ನಿಮಿಷದಲ್ಲಿ ನೆರಳು ಹುಡುಕುತ್ತಾರೆ. ಪಂಜರದೊಳಗಿನ ಮಾಂಸಕ್ಕೆ ಮಾತ್ರ ಇಂಥ ಬಿಸಿಲೇ ಬೇಕು.

ನಿಂಬೆರಸ, ಬೆಳ್ಳುಳ್ಳಿಯಲ್ಲಿ ನೆನೆದ ಮಾಂಸ ಹಸಿಯಾಗಿ ಮೇಲೇರುತ್ತದೆ, ಒಣಗಿ ಕೆಳಗಿಳಿಯುತ್ತದೆ. ಹಕ್ಕಿ, ನೊಣ ಮುಟ್ಟದಂತೆ ಬಲೆಯ ಕಾವಲು. ಅಡುಗೆಮನೆಯಲ್ಲಿ ಅದನ್ನು ಎಳೆ ಎಳೆಯಾಗಿ ಬಿಡಿಸಿ, ಈರುಳ್ಳಿ, ಟೊಮೆಟೊ, ಹಸಿಮೆಣಸಿನ ಜೊತೆ ಹುರಿಯುತ್ತಾರೆ. ಇದರ ಹೆಸರು ಕಾರ್ನೆ ಸೇಕಾ. ಫ್ರಿಜ್ ಇಲ್ಲದ ಕಾಲದಲ್ಲಿ ಮಾಂಸ ಕೆಡದಿರಲೆಂದು ಸೊನೋರಾ ಮರುಭೂಮಿಯ ದನಗಾಹಿಗಳು ಅನುಸರಿಸುತ್ತಿದ್ದ ಈ ಉಪಾಯ ಇಂದು ನಗರದ ನಡುಮಧ್ಯದ ಹೋಟೆಲಿನ ಹೆಮ್ಮೆಯ ಖಾದ್ಯ.

ಆ ಹೋಟೆಲೇ ಎಲ್ ಚಾರೊ ಕೆಫೆ. 1922ರಲ್ಲಿ ಮೋನಿಕಾ ಫ್ಲಿನ್ ಎಂಬ ಹೆಣ್ಣುಮಗಳು ಶುರುಮಾಡಿದ್ದು. ಅವರ ತಂದೆ ಫ್ರಾನ್ಸಿನಿಂದ ಬಂದ ಕಲ್ಲುಕೆಲಸದವರು. ಆರಂಭದ ದಿನಗಳ ಕಥೆಯೊಂದು ಊರಿನವರ ಬಾಯಲ್ಲಿ ಈಗಲೂ ಇದೆ. ಗಿರಾಕಿ ಬಂದು ಕೂತು, ಇಂಥದ್ದು ಬೇಕು ಎಂದ ಮೇಲೆ ಮೋನಿಕಾ ಹಿಂಬಾಗಿಲಿನಿಂದ ಹತ್ತಿರದ ಚೀನೀ ದಿನಸಿ ಅಂಗಡಿಗೆ ಓಡುತ್ತಿದ್ದರಂತೆ. ಸಾಮಾನು ಕಡ ತಂದು, ಅಡುಗೆ ಮಾಡಿ, ಬಡಿಸಿ, ಕೈಗೆ ಬಂದ ದುಡ್ಡನ್ನು ಒಯ್ದು ಅಂಗಡಿಯ ಬಾಕಿ ತೀರಿಸುತ್ತಿದ್ದರಂತೆ. ಹಾಗೆ ಕೈಯಲ್ಲಿ ಕಾಸಿಲ್ಲದೆ ಆರಂಭವಾದ ಹೋಟೆಲು ನೂರು ವರ್ಷ ದಾಟಿಯೂ ಅದೇ ಮನೆತನದವರ ಕೈಯಲ್ಲಿದೆ.

ಚಿಮಿಚಾಂಗಾ ಹುಟ್ಟಿದ್ದೂ ಇಲ್ಲೇ ಎನ್ನುತ್ತಾರೆ. ಮೋನಿಕಾ ಕೈತಪ್ಪಿ ಬುರಿಟೊವೊಂದನ್ನು ಕಾದ ಎಣ್ಣೆಗೆ ಬೀಳಿಸಿದರು, ಅದು ಹೊಂಬಣ್ಣಕ್ಕೆ ತಿರುಗಿ ಗರಿಗರಿಯಾಗಿ ಮೇಲೆದ್ದಿತು ಎಂಬುದು ಹೋಟೆಲಿನವರ ಕಥೆ. ಫೀನಿಕ್ಸ್‌ನ ಹೋಟೆಲೊಂದು ಇದೇ ಹಕ್ಕನ್ನು ಸಾಧಿಸುತ್ತದೆ. ಜಗಳ ತೀರುವ ಲಕ್ಷಣವಿಲ್ಲ, ತಿನ್ನುವವರಿಗೆ ಅದರಿಂದ ನಷ್ಟವೂ ಇಲ್ಲ.

ಎಲ್ ಚಾರೊ ಮೊದಲಿನಿಂದ ಈ ಕಲ್ಲುಮನೆಯಲ್ಲಿರಲಿಲ್ಲ. 60ರ ದಶಕದ ಕೊನೆಯಲ್ಲಿ ‘ನಗರ ನವೀಕರಣ’ದ ಹೆಸರಲ್ಲಿ ಟೂಸಾನ್‌ನ ಹಳೆಯ ಮೆಕ್ಸಿಕನ್ ಕೇರಿಗಳ ಮೇಲೆ ಬುಲ್ಡೋಜರ್ ಹರಿಯಿತು. ಮಣ್ಣಿಟ್ಟಿಗೆಯ ಮನೆಗಳು, ಚೀನೀಯರ ಕಿರಾಣಿ ಅಂಗಡಿಗಳು, ಖಾನಾವಳಿಗಳು ನೆಲಸಮವಾಗಿ ಸಮಾವೇಶ ಭವನ ಎದ್ದುನಿಂತಿತು. ಆಗ ಹೋಟೆಲು ಫ್ಲಿನ್ ಕುಟುಂಬದ ಸ್ವಂತ ಮನೆಗೆ ಬಂದು ಸೇರಿತು. ಉಳಿದ ಎಷ್ಟೋ ಅಡುಗೆಮನೆಗಳಿಗೆ ಹೋಗಲು ಮನೆಯೇ ಇರಲಿಲ್ಲ. ಟೂಸಾನ್‌ನ ರುಚಿಯ ಬಗ್ಗೆ ಮಾತಾಡುವವರು ಈ ನಷ್ಟವನ್ನೂ ನೆನೆಯಬೇಕು.

ಅರ್ಧ ಮಿಲಿಯನ್ ಜನ, ನಾಲ್ಕು ಸಾವಿರ ವರ್ಷ

ಟೂಸಾನ್ ದೊಡ್ಡ ನಗರವೇನಲ್ಲ. 2020ರ ಜನಗಣತಿಯಂತೆ ಇಲ್ಲಿರುವವರು ಸುಮಾರು 5.4 ಲಕ್ಷ. ಫೀನಿಕ್ಸ್‌ನಿಂದ ಆಗ್ನೇಯಕ್ಕೆ ಸುಮಾರು 180 ಕಿ.ಮೀ.; ಮೆಕ್ಸಿಕೊ ಗಡಿ ಇಲ್ಲಿಂದ ನೂರು ಕಿ.ಮೀ. ಆಸುಪಾಸು. ವರ್ಷದ ಮಳೆ ಸುಮಾರು 27 ಸೆಂಟಿಮೀಟರ್. ನಮ್ಮ ರಾಜ್ಯದ ಅತಿ ಒಣ ತಾಲ್ಲೂಕುಗಳಲ್ಲಿ ಒಂದಾದ ಚಳ್ಳಕೆರೆಯಲ್ಲೂ ಇದಕ್ಕಿಂತ ಹೆಚ್ಚು ಬೀಳುತ್ತದೆ.

ಇಂಥ ಊರಿಗೆ 2015ರ ಡಿಸೆಂಬರ್‌ನಲ್ಲಿ ಯುನೆಸ್ಕೊದ ಮನ್ನಣೆ ಬಂದಾಗ ಅಮೆರಿಕದವರೇ ಹುಬ್ಬೇರಿಸಿದರು. ಸಾನ್ ಆಂಟೋನಿಯೊಗೆ ಈ ಪಟ್ಟ ದಕ್ಕಿದ್ದು 2017ರಲ್ಲಿ, ನಮ್ಮ ನೆರೆಯ ಹೈದರಾಬಾದಿಗೆ 2019ರಲ್ಲಿ. ಸ್ಟಾರ್ ಹೋಟೆಲುಗಳ ಸಂಖ್ಯೆ ನೋಡಿದರೆ ಟೂಸಾನ್ ಯಾವ ಪಟ್ಟಿಯಲ್ಲೂ ಮುಂದಿರುವುದಿಲ್ಲ. ಅದರ ಬಲ ಹೊಲದಲ್ಲಿದೆ. ಸಾಂತಾ ಕ್ರೂಜ್ ನದಿಯ ದಂಡೆಯಲ್ಲಿ ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಮೆಕ್ಕೆಜೋಳ ಬೆಳೆಯುತ್ತಿದ್ದ ಕುರುಹುಗಳು ಉತ್ಖನನದಲ್ಲಿ ಸಿಕ್ಕಿವೆ. ಅಂದಿನಿಂದ ಇಂದಿನವರೆಗೂ ಆ ಬಯಲಲ್ಲಿ ಯಾರೋ ಒಬ್ಬರು ಬಿತ್ತುತ್ತಲೇ ಬಂದಿದ್ದಾರೆ.

ಹಾಗಾಗಿ ಟೂಸಾನ್‌ನಲ್ಲಿ ಎಲ್ಲಿ ಉಣ್ಣಬೇಕು ಎಂದು ಕೇಳಿದರೆ ನನ್ನ ಉತ್ತರ ಒಂದೇ. ಈ ನೆಲದ ಬಿಸಿಲು, ಈ ನೆಲದ ಬೀಜ ಎಲ್ಲಿ ತಟ್ಟೆಗೆ ಬರುತ್ತದೋ ಅಲ್ಲಿ. ಅಂಥ ಜಾಗಗಳು ಹೆಚ್ಚಿನವು ನಗರದ ದಕ್ಷಿಣಕ್ಕೆ ಇವೆ, ಬೆಲೆಯೂ ಕೈಗೆಟುಕುವಂತಿದೆ.

▪ ಬಾಕ್ಸ್: ಕಿರುನೋಟ
ಎತ್ತರ: ಸಮುದ್ರಮಟ್ಟದಿಂದ ಸುಮಾರು 730 ಮೀಟರ್
ಸ್ಪ್ಯಾನಿಷ್ ಕೋಟೆಯಾಗಿ ಸ್ಥಾಪನೆ: 1775
ಅಮೆರಿಕಕ್ಕೆ ಸೇರಿದ್ದು: 1854ರಲ್ಲಿ ಜಾರಿಗೆ ಬಂದ ಗ್ಯಾಡ್ಸ್‌ಡನ್ ಖರೀದಿಯ ಮೂಲಕ
ಮುಂಗಾರು: ಹವಾಮಾನ ಇಲಾಖೆಯ ಲೆಕ್ಕದಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 30. ಅಲ್ಲಿನವರು ಇದನ್ನು ಕರೆಯುವುದೂ ‘ಮಾನ್ಸೂನ್’ ಎಂದೇ
ಓಡಾಟ: ವಿಶ್ವವಿದ್ಯಾಲಯ, ಫೋರ್ತ್ ಅವೆನ್ಯೂ, ಹಳೆಪೇಟೆ, ಮೆರ್ಕಾಡೊ ಮಾರುಕಟ್ಟೆಗಳನ್ನು 2014ರಲ್ಲಿ ಶುರುವಾದ ಟ್ರಾಮ್ ಜೋಡಿಸುತ್ತದೆ. ದಕ್ಷಿಣಕ್ಕೆ ಹೋಗಲು ಕಾರು ಬೇಕು

ಗಾಡಿಯಿಂದ ಪ್ರಶಸ್ತಿಗೆ

ಸಂಜೆಯಾಗಲಿ. ಸೌತ್ ಸಿಕ್ಸ್ತ್ ಅವೆನ್ಯೂ, ಸೌತ್ ಟ್ವೆಲ್ತ್ ಅವೆನ್ಯೂಗಳ ಉದ್ದಕ್ಕೂ ದೀಪ ಹೊತ್ತಿಕೊಳ್ಳುತ್ತವೆ. ಟಯರ್ ಅಂಗಡಿಯ ಅಂಗಳ, ಬೀಗ ಹಾಕಿದ ಗ್ಯಾರೇಜಿನ ಮುಂದಿನ ಜಾಗ, ಎಲ್ಲಿ ನೋಡಿದರೂ ತಳ್ಳುಗಾಡಿ, ನಾಲ್ಕಾರು ಪ್ಲಾಸ್ಟಿಕ್ ಕುರ್ಚಿ, ಕಬ್ಬಿಣದ ಕಾವಲಿಯಿಂದ ಏಳುವ ಹೊಗೆ. ಜಾಲಿಯ ಕೆಂಡದ ಮೇಲೆ ಮಾಂಸ ಸುಡುವ ವಾಸನೆ ಎರಡು ಬೀದಿ ಆಚೆಗೇ ಮೂಗಿಗೆ ಬಡಿಯುತ್ತದೆ.

ಇಲ್ಲಿನ ರಾಜ ಸೊನೋರನ್ ಹಾಟ್‌ಡಾಗ್. ಸಾಸೇಜಿಗೆ ಬೇಕನ್ ಸುತ್ತಿ ಕಾವಲಿಯ ಮೇಲೆ ಹೊರಳಿಸುತ್ತಾರೆ. ಬೇಕನ್ನಿನ ಕೊಬ್ಬು ಕರಗಿ, ಅದೇ ಕೊಬ್ಬಿನಲ್ಲಿ ಎರಡೂ ಒಂದಾಗಿ ಬೇಯುತ್ತವೆ. ಬನ್ನನ್ನು ಪೂರ್ತಿ ಸೀಳುವುದಿಲ್ಲ, ಎರಡೂ ತುದಿ ಬಿಟ್ಟು ನಡುವೆ ದೋಣಿಯ ಆಕಾರಕ್ಕೆ ಬಿಡಿಸುತ್ತಾರೆ. ಅದರೊಳಗೆ ಸಾಸೇಜು, ಬೇಯಿಸಿದ ಪಿಂಟೊ ಕಾಳು, ಹಸಿ ಈರುಳ್ಳಿ, ಸುಟ್ಟ ಈರುಳ್ಳಿ, ಟೊಮೆಟೊ; ಮೇಲೆ ಸಾಸಿವೆ, ಮೇಯನೇಸ್, ಹಲಪೇನ್ಯೊ ಮೆಣಸಿನ ಚಟ್ನಿ. ಪಕ್ಕದಲ್ಲಿ ಸುಟ್ಟ ಹಳದಿ ಮೆಣಸಿನಕಾಯಿ ಒಂದು. ಬನ್ನು ಮೆತ್ತಗೆ, ತುಸು ಸಿಹಿ. ಒಳಗಿನ ಉಪ್ಪು, ಖಾರ, ಹುಳಿಗಳನ್ನೆಲ್ಲ ಹಿಡಿದಿಡುವುದು ಆ ಸಿಹಿಯೇ.

ಈ ತಿಂಡಿ ಗಡಿಯಾಚೆ ಸೊನೋರಾ ರಾಜ್ಯದ ಎರ್ಮೊಸಿಯೊ ನಗರದಿಂದ ಬಂದದ್ದು. ಟೂಸಾನ್‌ನಲ್ಲಿ ಇದಕ್ಕೆ ದೊಡ್ಡ ಹೆಸರು ತಂದುಕೊಟ್ಟವರು ಡೇನಿಯಲ್ ಕಾಂಟ್ರೆರಾಸ್. 1993ರಲ್ಲಿ ಒಂದು ಗಾಡಿಯಿಂದ ಶುರುಮಾಡಿದ ಅವರ ‘ಎಲ್ ಗ್ವೆರೊ ಕನೆಲೊ’ಗೆ 2018ರಲ್ಲಿ ಜೇಮ್ಸ್ ಬಿಯರ್ಡ್ ಪ್ರತಿಷ್ಠಾನದ ‘ಅಮೆರಿಕಾಸ್ ಕ್ಲಾಸಿಕ್ಸ್’ ಗೌರವ ಸಂದಿತು. ಅಮೆರಿಕದ ಅಡುಗೆ ಲೋಕದಲ್ಲಿ ಆ ಪ್ರತಿಷ್ಠಾನದ್ದು ಅತಿ ದೊಡ್ಡ ಪ್ರಶಸ್ತಿ. ಬನ್ನಿನ ರುಚಿ ಕೆಡಬಾರದೆಂದು ಗಡಿಯಾಚೆಯ ಮಗ್ದಲೇನಾ ಪಟ್ಟಣದ ಬೇಕರಿಯಿಂದ ಬನ್ನು ತರಿಸಿದವರು ಅವರು.

ಮಗ್ದಲೇನಾ ಎಂಬ ಹೆಸರು ನೆನಪಿರಲಿ, ಮುಂದೆ ಮತ್ತೆ ಬರುತ್ತದೆ.

ಇದೇ ದಕ್ಷಿಣ ಭಾಗದಲ್ಲಿ ಸೌತ್ ಟೂಸಾನ್ ಎಂಬ ಬೇರೆಯೇ ಒಂದು ಪುಟ್ಟ ಪುರಸಭೆ ಇದೆ. ವಿಸ್ತೀರ್ಣ ಒಂದು ಚದರ ಮೈಲಿಗಿಂತ ತುಸು ಹೆಚ್ಚು, ನಾಲ್ಕೂ ಕಡೆ ಟೂಸಾನ್ ನಗರ. ಅಲ್ಲಿನ ‘ಮಿ ನಿಡಿಟೊ’ 1952ರಿಂದ ನಡೆಯುತ್ತಿರುವ ಹೋಟೆಲು. 1999ರಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಬಂದು ಉಂಡುಹೋದರು. ಅವರು ತಿಂದದ್ದನ್ನೆಲ್ಲ ಒಂದೇ ತಟ್ಟೆಗೆ ಸೇರಿಸಿ ‘ಅಧ್ಯಕ್ಷರ ತಟ್ಟೆ’ ಎಂದು ಮಾರತೊಡಗಿದರು. ವಾರಾಂತ್ಯದಲ್ಲಿ ಹೋದರೆ ಹೊರಗೆ ಕಾಯಬೇಕಾಗುತ್ತದೆ.

ಇವುಗಳ ನಡುವೆ ನಾನು ಎಲ್ಲಕ್ಕಿಂತ ಮೇಲೆ ಇಡುವುದು ಗೋಧಿ ಟೋರ್ಟಿಯಾವನ್ನು. ಸೊನೋರಾದ ದೊಡ್ಡ ಟೋರ್ಟಿಯಾಗೆ ಸೊಬಕೇರಾ ಎನ್ನುತ್ತಾರೆ. ಮಾಡುವಾಕೆ ಅಂಗೈಯಗಲದ ಹಿಟ್ಟಿನುಂಡೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ತಟ್ಟುತ್ತಾ, ಜಾರಿಸುತ್ತಾ ಹೋಗುತ್ತಾಳೆ. ಉಂಡೆ ಅಂಗೈ ದಾಟಿ, ಮಣಿಕಟ್ಟು ದಾಟಿ ಮೊಣಕೈವರೆಗೂ ಹರಡುತ್ತದೆ. ದೀಪದ ಎದುರು ಹಿಡಿದರೆ ಬೆಳಕು ಆರುಪಾರು. ಕಾದ ಲೋಹದ ಉಬ್ಬುಹೆಂಚಿನ ಮೇಲೆ ಹಾಸಿದ ಕ್ಷಣಮಾತ್ರದಲ್ಲಿ ಗುಳ್ಳೆ ಎದ್ದು, ಕಂದುಚುಕ್ಕೆ ಮೂಡಿ, ಬೆಂದೇಹೋಗುತ್ತದೆ. ಬೆಳಗಾವಿಯ ಕಡೆ ಮಂಡಿಗೆ ಮಾಡುವುದನ್ನು ನೋಡಿದವರಿಗೆ ಈ ಕೈಚಳಕದ ಪರಿಚಯ ಬೇರೆ ಬೇಕಿಲ್ಲ.

ಪಾದ್ರಿ ತಂದ ಗೋಧಿ

ಆ ಟೋರ್ಟಿಯಾದ ಹಿಂದೆ ಒಂದು ಗೋಧಿಯ ಕಥೆ ಇದೆ. 17ನೇ ಶತಮಾನದ ಕೊನೆಯಲ್ಲಿ ಯೂಸೆಬಿಯೊ ಕೀನೊ ಎಂಬ ಜೆಸ್ವಿಟ್ ಪಾದ್ರಿ ಈ ಸೀಮೆಯಲ್ಲಿ ಕುದುರೆಯ ಮೇಲೆ ತಿರುಗಿ ಚರ್ಚುಗಳನ್ನು ಸ್ಥಾಪಿಸಿದರು. ಅವರಂಥ ಪಾದ್ರಿಗಳ ಜೊತೆ ದನ, ಹಣ್ಣಿನ ಸಸಿ, ಗೋಧಿ ಇವೆಲ್ಲ ಬಂದವು.

ಇಲ್ಲಿನ ಮೂಲನಿವಾಸಿಗಳಾದ ಓಧಮ್ ಜನ ಗೋಧಿಯನ್ನು ಬೇಗ ತಮ್ಮದಾಗಿಸಿಕೊಂಡರು. ಕಾರಣ ಸರಳ. ಅವರ ಮೆಕ್ಕೆಜೋಳ, ಕಾಳು, ಕುಂಬಳ ಎಲ್ಲವೂ ಬೇಸಿಗೆಯ ಬೆಳೆ. ಗೋಧಿಯೋ ಚಳಿಗಾಲದಲ್ಲಿ ಬೆಳೆದು, ಕಣಜ ಖಾಲಿಯಾಗುವ ಹೊತ್ತಿಗೆ ಕೊಯ್ಲಿಗೆ ಬರುತ್ತಿತ್ತು. ಬಿಳಿ ಸೊನೋರಾ ಎಂಬ ಈ ತಳಿಯ ಕಾಳು ಮೃದು. ಹಿಟ್ಟು ಹರಿಯದೆ ಹಿಗ್ಗುತ್ತದೆ. ಮೊಣಕೈವರೆಗೆ ಚಾಚುವ ಟೋರ್ಟಿಯಾ ಸಾಧ್ಯವಾದದ್ದು ಈ ಹಿಟ್ಟಿನಿಂದಲೇ. 20ನೇ ಶತಮಾನದಲ್ಲಿ ಹೆಚ್ಚು ಇಳುವರಿಯ ಹೊಸ ತಳಿಗಳು ಬಂದು ಬಿಳಿ ಸೊನೋರಾ ಹೆಚ್ಚುಕಡಿಮೆ ಕಣ್ಮರೆಯಾಯಿತು.

ಅದನ್ನು ಮತ್ತೆ ಊಟದ ಮೇಜಿಗೆ ತಂದವರಲ್ಲಿ ಡಾನ್ ಗೆರ್ರಾ ಪ್ರಮುಖರು. ಶಾಲಾ ಶಿಕ್ಷಕರಾಗಿದ್ದ ಅವರು ಮನೆಯ ಗ್ಯಾರೇಜಿನಲ್ಲಿ ಒಲೆ ಹೂಡಿ, 2009ರಲ್ಲಿ ನೆರೆಹೊರೆಯವರಿಗೆ ಬ್ರೆಡ್ ಮಾರಲು ಶುರುಮಾಡಿದರು. ಸುತ್ತಲಿನ ಹೊಲಗಳ ಬಿಳಿ ಸೊನೋರಾ ಗೋಧಿಯನ್ನು ಹುಳಿಹಿಟ್ಟಿನ ಬ್ರೆಡ್ಡಿಗೆ ಬಳಸಿದರು. ಇಂದು ಅವರ ‘ಬ್ಯಾರಿಯೊ ಬ್ರೆಡ್’ ಅಂಗಡಿಯ ಮುಂದೆ ಬೆಳಿಗ್ಗೆಯೇ ಸಾಲು ನಿಲ್ಲುತ್ತದೆ. ಲೋಫುಗಳ ಮೇಲೆ ಹಿಟ್ಟು ಚಿಮುಕಿಸಿ ಕಳ್ಳಿಯ ಚಿತ್ರ ಮೂಡಿಸಿರುತ್ತಾರೆ. 2022ರಲ್ಲಿ ಜೇಮ್ಸ್ ಬಿಯರ್ಡ್ ಪ್ರತಿಷ್ಠಾನ ಇಡೀ ಅಮೆರಿಕದ ಅತ್ಯುತ್ತಮ ಬೇಕರ್ ಎಂದು ಆರಿಸಿದ್ದು ಇವರನ್ನೇ. ಸಂಜೆ ಹೋದರೆ ಬ್ರೆಡ್ ಸಿಗುವ ನಂಬಿಕೆಯಿಲ್ಲ.

ಅಂದಹಾಗೆ, ಪಾದ್ರಿ ಕೀನೊ 1711ರಲ್ಲಿ ತೀರಿಕೊಂಡದ್ದು ಮಗ್ದಲೇನಾದಲ್ಲಿ, ಸಮಾಧಿಯೂ ಅಲ್ಲೇ ಇದೆ. ಗೋಧಿ ತಂದವರು ಮಲಗಿರುವ ಊರಿನಲ್ಲೇ ಟೂಸಾನ್‌ನ ಹಾಟ್‌ಡಾಗಿಗೆ ಬನ್ನು ಬೆಂದದ್ದು!

ಕೆಂಪು ಹಣ್ಣು, ಮೊದಲ ಮಳೆ

ಯಾವ ಹೋಟೆಲಿಗೂ ಮೊದಲು ಇಲ್ಲಿ ಊಟ ಬಡಿಸಿದ್ದು ಮರುಭೂಮಿ. ಅದನ್ನು ನೋಡಲು ಜೂನ್ ಕೊನೆಯ ವಾರಗಳೇ ಒಳ್ಳೆಯವು.

ಸವಾರೊ ಎಂದರೆ ಸಿನಿಮಾಗಳಲ್ಲಿ ನಾವೆಲ್ಲ ಕಂಡ, ಕೈಯೆತ್ತಿ ನಿಂತ ಆ ದೈತ್ಯ ಕಳ್ಳಿ. ಹನ್ನೆರಡು ಮೀಟರ್ ಎತ್ತರ ಬೆಳೆಯಬಲ್ಲದು. ಪಕ್ಕದಲ್ಲಿ ಮೊದಲ ಕೈ ಚಿಗುರಲು ಅರ್ಧ ಶತಮಾನಕ್ಕಿಂತ ಹೆಚ್ಚೇ ಹಿಡಿಯುತ್ತದೆ. ಅದರ ನೆತ್ತಿಯ ಮೇಲೆ ಮುಂಗಾರಿಗೆ ಮುಂಚೆ ಹಣ್ಣು ಬಿಡುತ್ತದೆ. ತೊಹೊನೊ ಓಧಮ್ ಕುಟುಂಬಗಳು ಬಿಸಿಲೇರುವ ಮುಂಚೆಯೇ ಹೊರಟು, ಸತ್ತ ಸವಾರೊದ ಒಣ ಪಕ್ಕೆಲುಬುಗಳನ್ನೇ ಜೋಡಿಸಿ ಮಾಡಿದ ಉದ್ದನೆಯ ದೋಟಿಯಿಂದ ಹಣ್ಣು ಕೀಳುತ್ತಾರೆ. ಸೀಳಿದರೆ ಒಳಗೆ ಕಡುಗೆಂಪು ತಿರುಳು, ತುಂಬ ಕರಿ ಬೀಜ. ತಿರುಳು ತೆಗೆದ ಮೇಲೆ ಸಿಪ್ಪೆಯ ಕೆಂಪು ಒಳಮೈ ಆಕಾಶ ನೋಡುವಂತೆ ನೆಲದ ಮೇಲೆ ಇಡುತ್ತಾರೆ. ಮಳೆ ಬೇಗ ಬರಲೆಂಬ ಕೋರಿಕೆ ಅದು. ಓಧಮರ ಹೊಸ ವರ್ಷ ಆರಂಭವಾಗುವುದೇ ಈ ಹಣ್ಣಿನಿಂದ.

ತಿರುಳನ್ನು ಗಂಟೆಗಟ್ಟಲೆ ಕುದಿಸಿ, ಸೋಸಿ, ಮತ್ತೆ ಕುದಿಸಿ ಪಾಕ ತೆಗೆಯುತ್ತಾರೆ. ಬುಟ್ಟಿಗಟ್ಟಲೆ ಹಣ್ಣಿಗೆ ಸಿಗುವುದು ಚಿಕ್ಕ ಸೀಸೆಯಷ್ಟು. ಅದೇ ಪಾಕ ನಗರದ ಕೆಲವು ಹೋಟೆಲುಗಳಲ್ಲಿ ಹನಿ ಲೆಕ್ಕದಲ್ಲಿ ತಟ್ಟೆಗೆ ಬೀಳುತ್ತದೆ. ಬೆಲೆ ಹೆಚ್ಚೆಂದು ಯಾರೂ ಗೊಣಗಬಾರದು.

ಓಧಮರ ಊಟದ ಇನ್ನೊಂದು ಆಧಾರ ಟೆಪರಿ ಕಾಳು. ಬಿಳಿ, ಕಂದು ಎರಡು ಬಣ್ಣ. ಒಂದೆರಡು ಹದ ಮಳೆ ಬಿದ್ದು ಹಳ್ಳ ಹರಿದರೆ ಸಾಕು, ಆ ತೇವದಲ್ಲೇ ಬಿತ್ತಿ ಬೆಳೆ ತೆಗೆಯುತ್ತಿದ್ದರು. ಬಾನಿನಲ್ಲಿ ಕಾಣುವ ಆಕಾಶಗಂಗೆ ಚೆಲ್ಲಿಹೋದ ಬಿಳಿ ಟೆಪರಿ ಕಾಳು ಎಂಬ ಕಥೆ ಅವರಲ್ಲಿದೆ. ಬೇಯಲು ಬಹಳ ಹೊತ್ತು ಬೇಕು; ಬೆಂದ ಮೇಲೆ ಗಟ್ಟಿ ಮೈ, ಮಣ್ಣಿನ ಘಮ. ಏಪ್ರಿಲ್‌ನಲ್ಲಿ ಚೋಯಾ ಕಳ್ಳಿಯ ಮೊಗ್ಗನ್ನು ಇಕ್ಕಳದಿಂದ ಕಿತ್ತು, ಮುಳ್ಳು ಉಜ್ಜಿ ತೆಗೆದು, ಬೇಯಿಸಿ, ಒಣಗಿಸಿ ಇಡುತ್ತಾರೆ. ಕ್ಯಾಲ್ಸಿಯಂ ಹೇರಳವಾಗಿರುವ ಆ ಮೊಗ್ಗು ಕಾಳಿನ ಜೊತೆ ಸೇರಿದರೆ ಒಳ್ಳೆಯ ಪಲ್ಯ.

ಈ ಆಹಾರ ಕೈತಪ್ಪಿದ್ದು ಹೇಗೆ ಎಂಬುದು ನೋವಿನ ಅಧ್ಯಾಯ. ನಗರ, ಗಣಿ, ದೊಡ್ಡ ಹೊಲಗಳು ಪಂಪು ಹಾಕಿ ಅಂತರ್ಜಲ ಎತ್ತಿದವು. ಸಾಂತಾ ಕ್ರೂಜ್ ನದಿ ಬತ್ತಿತು, ದಂಡೆಯ ಜಾಲಿ ಕಾಡು ಒಣಗಿತು, ಓಧಮರ ಹೊಲಗಳು ಪಾಳುಬಿದ್ದವು. ಸರ್ಕಾರ ಹಂಚಿದ ಮೈದಾ, ಕೊಬ್ಬು, ಸಕ್ಕರೆ ಮನೆ ಸೇರಿದವು. ಅಮೆರಿಕದಲ್ಲಿ ಮಧುಮೇಹ ಅತಿ ಹೆಚ್ಚು ಇರುವ ಸಮುದಾಯಗಳಲ್ಲಿ ಓಧಮ್ ಜನ ಇಂದು ಮುಂದಿದ್ದಾರೆ. ರಕ್ತದ ಸಕ್ಕರೆಯನ್ನು ನಿಧಾನವಾಗಿ ಏರಿಸುವ ಟೆಪರಿ, ಜಾಲಿ ಹಿಟ್ಟುಗಳ ಬೆಲೆ ಅವರಿಗೆ ಈಗ ಇನ್ನಷ್ಟು ಗೊತ್ತು.

ಕಾನೂನು ಹೋರಾಟದ ಕೊನೆಗೆ 1982ರಲ್ಲಿ ಅಮೆರಿಕದ ಸಂಸತ್ತು ಅವರ ನೀರಿನ ಹಕ್ಕನ್ನು ಒಪ್ಪಿ ಕಾಯ್ದೆ ಮಾಡಿತು. ಕೊಲೊರಾಡೊ ನದಿಯಿಂದ 540 ಕಿ.ಮೀ. ಹರಿದು ಬರುವ ಕಾಲುವೆಯ ನೀರು ಸಾನ್ ಸೇವಿಯರ್ ಸಹಕಾರಿ ಫಾರ್ಮಿನ ಹೊಲಗಳಿಗೆ ಮುಟ್ಟಿತು. ಇಂದು ಅಲ್ಲಿಯ ಅಂಗಡಿಯಲ್ಲಿ ಟೆಪರಿ, ಚೋಯಾ ಮೊಗ್ಗು, ಜಾಲಿ ಹಿಟ್ಟು ಸಿಗುತ್ತವೆ. ಪಕ್ಕದಲ್ಲೇ 1797ರಲ್ಲಿ ಮುಗಿದ ಸಾನ್ ಸೇವಿಯರ್ ದೆಲ್ ಬಾಕ್ ಚರ್ಚು, ಸುಣ್ಣದ ಬಿಳುಪಿನ ಭವ್ಯ ಕಟ್ಟಡ. ಚರ್ಚಿನ ಮುಂದೆ ಚಪ್ಪರದಡಿ ಓಧಮ್ ಹೆಂಗಸರು ಎಣ್ಣೆಯಲ್ಲಿ ಕರಿದ ಫ್ರೈ ಬ್ರೆಡ್ ಮಾರುತ್ತಾರೆ, ಮೇಲೆ ಕಾಳು ಅಥವಾ ಕೆಂಪು ಮೆಣಸಿನ ಗೊಜ್ಜು. ಪಡಿತರದ ಮೈದಾದಿಂದ ಹುಟ್ಟಿದ ತಿಂಡಿ ಇದು. ಒಂದೇ ಆವರಣದಲ್ಲಿ ಆ ಜನರ ಕಷ್ಟದ ತಿಂಡಿಯೂ ಮರುಹುಟ್ಟಿನ ಕಾಳೂ ಸಿಗುತ್ತವೆ. ಎರಡನ್ನೂ ತಿನ್ನಿ.

▪ ಬಾಕ್ಸ್: ನಮ್ಮೂರಿನ ನೆಂಟರು
ಪಾಪಾಸುಕಳ್ಳಿ: ನಮ್ಮ ಬೇಲಿಗಳಲ್ಲಿರುವ ಈ ಕಳ್ಳಿಯ ಕುಲದ ತವರು ಅಮೆರಿಕ ಖಂಡಗಳೇ. ಟೂಸಾನ್‌ನಲ್ಲಿ ಇದರ ಹಣ್ಣಿನಿಂದ ಶರಬತ್ತು, ಜೆಲ್ಲಿ. ಎಳೆಯ ಎಲೆಯಂಥ ಹಾಳೆಯ ಮುಳ್ಳು ಹೆರೆದು ಪಲ್ಯ.
ಬಳ್ಳಾರಿ ಜಾಲಿ: ಟೂಸಾನ್‌ನ ಮೆಸ್ಕೀಟ್ ಇದರ ಹತ್ತಿರದ ಬಂಧು. ಅಲ್ಲಿ ಸಿಹಿಯಾದ ಒಣಕಾಯಿಯನ್ನು ಬೀಸಿ ಹಿಟ್ಟು ಮಾಡುತ್ತಾರೆ. ಊರವರು ಬಕೆಟ್ಟಿನಲ್ಲಿ ಕಾಯಿ ತಂದರೆ ಟ್ರೇಲರ್ ಮೇಲಿನ ಗಿರಣಿಯಲ್ಲಿ ಬೀಸಿಕೊಡುವ ಶಿಬಿರಗಳೂ ನಡೆಯುತ್ತವೆ. ಮಳೆ ಬಿದ್ದರೆ ಕಾಯಿಗೆ ವಿಷಕಾರಿ ಬೂಷ್ಟು ಹಿಡಿಯುವ ಭಯ. ಹಾಗಾಗಿ ಕೊಯ್ಲು ಮುಂಗಾರಿಗೆ ಮುಂಚೆ.
ಮೆಣಸಿನಕಾಯಿ: ಬ್ಯಾಡಗಿಯೂ ಸೇರಿದ ಜಾತಿಯ ಕಾಡುರೂಪವೇ ಚಿಲ್ಟೆಪಿನ್.

ಬಟಾಣಿಗಿಂತ ಚಿಕ್ಕದು

ಆ ಚಿಲ್ಟೆಪಿನ್ ಬಗ್ಗೆ ಎರಡು ಮಾತು. ದುಂಡಗೆ, ಕೆಂಪಗೆ, ಬಟಾಣಿಗಿಂತ ಚಿಕ್ಕ ಕಾಯಿ. ಹಳೆಯ ಕಾಲದ ಸೊನೋರನ್ ಮನೆಗಳ ಮೇಜಿನ ಮೇಲೆ ಇದನ್ನು ಪುಡಿಮಾಡಲು ಗಟ್ಟಿಮರದಲ್ಲಿ ಕಡೆದ ಪುಟ್ಟ ಕುಟ್ಟಣಿ ಇರುತ್ತದೆ. ಒಂದೆರಡು ಕಾಯಿ ಹಾಕಿ ತಿರುವಿ, ಸೂಪಿನ ಮೇಲೆ ಉದುರಿಸಿದರೆ ನಾಲಿಗೆಗೆ ಕಿಡಿ ತಾಗುತ್ತದೆ. ಕೆಲವೇ ನಿಮಿಷದಲ್ಲಿ ಆ ಉರಿ ಇಳಿದು ಹೊಗೆಯಾಡಿದ ಘಮ ಮಾತ್ರ ಉಳಿಯುತ್ತದೆ.

ಗಿಡವನ್ನು ಬಿತ್ತುವವರು ಹಕ್ಕಿಗಳು. ಅವುಗಳಿಗೆ ಖಾರ ತಾಗುವುದಿಲ್ಲ. ಬೀಜ ಅಗಿದು ಹಾಳುಮಾಡುವ ಇಲಿಗಳಿಗೆ ತಾಗುತ್ತದೆ. ಮೆಣಸಿನ ಖಾರ ಯಾತಕ್ಕೆ ಹುಟ್ಟಿತೆಂಬ ಪ್ರಶ್ನೆಗೆ ಈ ಉತ್ತರ ಸಿಕ್ಕಿದ್ದು ದಕ್ಷಿಣ ಅರಿಝೋನಾದ ಇದೇ ಗುಡ್ಡಗಳ ಅಧ್ಯಯನದಿಂದ, 2001ರಲ್ಲಿ. ಆ ಅಧ್ಯಯನದಲ್ಲಿ ಪಾಲುಗೊಂಡ ಸಸ್ಯವಿಜ್ಞಾನಿ ಗ್ಯಾರಿ ನಭಾನ್ 1983ರಲ್ಲಿ ಟೂಸಾನ್‌ನಲ್ಲಿ ‘ನೇಟಿವ್ ಸೀಡ್ಸ್/ಸರ್ಚ್’ ಎಂಬ ಬೀಜಸಂಸ್ಥೆ ಕಟ್ಟಿದವರಲ್ಲಿ ಒಬ್ಬರು. ನಮ್ಮ ಅಜ್ಜ–ಅಜ್ಜಿಯರು ಬಿತ್ತುತ್ತಿದ್ದ ಕಾಳು ಈಗ ಎಲ್ಲಿ ಸಿಗುತ್ತದೆ ಎಂದು ಓಧಮರು ಕೇಳಿದ್ದೇ ಆ ಸಂಸ್ಥೆಗೆ ಮೂಲ. ಎರಡು ಸಾವಿರದ ಹತ್ತಿರ ಬಗೆಯ ಬೀಜಗಳು ಇಂದು ಅಲ್ಲಿ ಜೋಪಾನವಾಗಿವೆ. ನನ್ನ ಮಟ್ಟಿಗೆ ಯುನೆಸ್ಕೊ ಮನ್ನಣೆಗೆ ಹೋಟೆಲುಗಳಿಗಿಂತ ಹೆಚ್ಚು ದುಡಿದದ್ದು ಈ ಬೀಜದ ಡಬ್ಬಿಗಳು.

ಅಂಥ ಬೆಳೆಗಳನ್ನು ಕಣ್ಣಾರೆ ನೋಡಲು ಸೆಂಟಿನೆಲ್ ಗುಡ್ಡದ ಬುಡದಲ್ಲಿರುವ ಮಿಷನ್ ಗಾರ್ಡನ್‌ಗೆ ಹೋಗಿ. ಮಣ್ಣಿಟ್ಟಿಗೆಯ ಗೋಡೆಯೊಳಗೆ ನಾಲ್ಕು ಎಕರೆ. ಓಧಮರ ಪಾತಿ, ಸ್ಪ್ಯಾನಿಷ್ ಕಾಲದ ದಾಳಿಂಬೆ, ಅಂಜೂರ, ಮೆಕ್ಸಿಕನ್ ತೋಟ, ಚೀನೀಯರ ತರಕಾರಿ ಮಡಿ ಎಲ್ಲವೂ ಅಕ್ಕಪಕ್ಕ. ಸನಿಹದಲ್ಲೇ ಮೆರ್ಕಾಡೊ ಸಾನ್ ಅಗಸ್ಟೀನ್ ಮಾರುಕಟ್ಟೆ. ಅಲ್ಲಿಯ ಲಾ ಎಸ್ಟ್ರೆಯಾ ಬೇಕರಿಯ ಸಿಹಿ ಬ್ರೆಡ್ಡು, ಒಂದು ಲೋಟ ಕಾಫಿ ಬೆಳಗಿನ ತಿಂಡಿಗೆ ಧಾರಾಳ.

ಸಸ್ಯಾಹಾರಿಗಳಿಗೆ

ಇಷ್ಟೆಲ್ಲ ಓದಿ ‘ನಮಗೇನಿದೆ ಅಲ್ಲಿ?’ ಎನ್ನುವವರಿಗೆ ಫೋರ್ತ್ ಅವೆನ್ಯೂ ಕಡೆ ‘ಟುಮೆರಿಕೊ’ ಇದೆ. ವೆಂಡಿ ಗಾರ್ಸಿಯಾ ರೈತ ಸಂತೆಯಲ್ಲಿ ತಮಾಲೆ ಮಾರುತ್ತಾ ಬೆಳೆಸಿದ, ಮಾಂಸವೇ ಇಲ್ಲದ ಮೆಕ್ಸಿಕನ್ ಅಡುಗೆಮನೆ. ತಮಾಲೆ ಎಂದರೆ ಮೆಕ್ಕೆಜೋಳದ ಹಿಟ್ಟನ್ನು ಜೋಳದ ತೆನೆಯ ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ್ದು. ಟೂಸಾನ್‌ನಲ್ಲಿ ಬೇಸಿಗೆಗೆ ಎಳೆಜೋಳದ ತಮಾಲೆ, ಕ್ರಿಸ್‌ಮಸ್‌ಗೆ ಮಾಂಸದ ತಮಾಲೆ. ಎಳೆಜೋಳದ್ದರಲ್ಲಿ ಸಾಮಾನ್ಯವಾಗಿ ಇರುವುದು ಚೀಸ್, ಹಸಿಮೆಣಸು.

ಒಂದು ಎಚ್ಚರಿಕೆ. ಸಾಂಪ್ರದಾಯಿಕ ಹೋಟೆಲುಗಳಲ್ಲಿ ಅರೆದು ಹುರಿದ ಕಾಳಿಗೂ ಟೋರ್ಟಿಯಾ ಹಿಟ್ಟಿಗೂ ತಮಾಲೆಗೂ ಹಂದಿಕೊಬ್ಬು ಹಾಕುವ ವಾಡಿಕೆ ಇದೆ. ನೋಡಿದರೆ ಗೊತ್ತಾಗುವುದಿಲ್ಲ. ‘ಸಿನ್ ಮಾಂತೆಕಾ’, ಅಂದರೆ ಕೊಬ್ಬು ಬೇಡ ಎಂದು ಹೇಳಿ ಖಾತ್ರಿ ಮಾಡಿಕೊಂಡೇ ತಿನ್ನಿ. ಕೇಳಿದರೆ ಯಾರೂ ಬೇಸರಿಸುವುದಿಲ್ಲ. ಬಿಸಿಲಿಗೆ ಬಾಯಾರಿದರೆ ಹೆರೆದ ಮಂಜುಗಡ್ಡೆಗೆ ಮಾವು, ಸ್ಟ್ರಾಬೆರಿಯಂಥ ಹಣ್ಣಿನ ಪಾಕ ಸುರಿದ ರಸ್ಪಾಡೊ ಎಲ್ಲೆಡೆ ಸಿಗುತ್ತದೆ.

ಹಳೆಪೇಟೆಯಲ್ಲಿ 1919ರ ಹೋಟೆಲ್ ಕಾಂಗ್ರೆಸ್ ಇದೆ. 1934ರಲ್ಲಿ ಇಲ್ಲಿ ಬೆಂಕಿ ಬಿದ್ದದ್ದೇ ನೆಪವಾಗಿ ಬ್ಯಾಂಕ್ ದರೋಡೆಕೋರ ಜಾನ್ ಡಿಲಿಂಜರ್ ತಂಡ ಸಿಕ್ಕಿಬಿತ್ತು. ಒಳಗಿನ ಕಪ್ ಕೆಫೆಯ ನೆಲಕ್ಕೆ ಒಂದು ಸೆಂಟಿನ ನಾಣ್ಯಗಳನ್ನೇ ಹಾಸಿದ್ದಾರೆ. ಕಾಫಿಗೆ ಒಳ್ಳೆಯ ಜಾಗ. ಟೂಸಾನ್‌ನ ನಿಜವಾದ ಊಟಕ್ಕೆ ಮಾತ್ರ ದಕ್ಷಿಣಕ್ಕೇ ಹೋಗಬೇಕು.

ಎಲ್ಲವನ್ನೂ ಒಂದೇ ಕಡೆ ನೋಡಬೇಕೆಂದರೆ ಅಕ್ಟೋಬರ್ ಸರಿ. ಜಾನಪದ ವಿದ್ವಾಂಸ ಜಿಮ್ ಗ್ರಿಫಿತ್ 1974ರಲ್ಲಿ ಆರಂಭಿಸಿದ ‘ಟೂಸಾನ್ ಮೀಟ್ ಯುವರ್‌ಸೆಲ್ಫ್’ ಹಬ್ಬದಲ್ಲಿ ಊರಿನ ಪ್ರತಿಯೊಂದು ಸಮುದಾಯವೂ ಮಳಿಗೆ ಹಾಕುತ್ತದೆ. ಜನ ಅದನ್ನು ಕರೆಯುವುದು ‘ಟೂಸಾನ್ ಈಟ್ ಯುವರ್‌ಸೆಲ್ಫ್’ ಎಂದೇ.

ಫೀನಿಕ್ಸ್, ಚಾಂಡ್ಲರ್ ಕಡೆ ಚಿಪ್ ಕಂಪನಿಗಳಲ್ಲಿ ದುಡಿಯುವ ಮಗ, ಮಗಳ ಮನೆಗೆ ಹೋಗುವ ತಂದೆ–ತಾಯಂದಿರ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದು ಗ್ರ್ಯಾಂಡ್ ಕ್ಯಾನ್ಯನ್ ಒಂದೇ. ಟೂಸಾನ್‌ಗೆ ಕಾರಿನಲ್ಲಿ ಎರಡು ಗಂಟೆಯೂ ಬೇಡ. ಬೆಳಿಗ್ಗೆ ಬ್ಯಾರಿಯೊ ಬ್ರೆಡ್ಡಿನ ಸಾಲಿನಲ್ಲಿ ನಿಲ್ಲಿ, ಬಿಸಿಲೇರುವ ಮುಂಚೆ ಮಿಷನ್ ಗಾರ್ಡನ್ ಮುಗಿಸಿ, ಮಧ್ಯಾಹ್ನ ಸಾನ್ ಸೇವಿಯರ್‌ನಲ್ಲಿರಿ. ನೀರಿನ ಬಾಟಲಿ ಕೈಯಲ್ಲೇ ಇರಲಿ. ಕೂತು ಉಂಡ ಕಡೆ ಬಿಲ್ಲಿನ ಶೇಕಡ 18ರಿಂದ 20 ಟಿಪ್ಸ್ ಕೊಡುವುದು ಅಲ್ಲಿನ ರೂಢಿ. ಬಡಿಸುವವರ ಸಂಬಳ ಅದರ ಮೇಲೆ ನಿಂತಿದೆ. ಸಂಜೆ ಏಳರ ಮೇಲೆ ಸೌತ್ ಟ್ವೆಲ್ತ್ ಅವೆನ್ಯೂಗೆ ಇಳಿಯಿರಿ. ಯಾವ ಗಾಡಿಯ ಮುಂದೆ ಕೆಲಸ ಮುಗಿಸಿ ಬಂದವರ ಪಿಕಪ್ ವಾಹನಗಳು ಹೆಚ್ಚು ನಿಂತಿವೆಯೋ ಅಲ್ಲೇ ರಾತ್ರಿಯೂಟಕ್ಕೆ ಕೂರಿ.